ಐದೂ ಮಂದಿ ಇರುವ ಫೋಟೊ

ಕುರಿ ಕಾಯುವವರ ಮನೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಇರುವುದು ಎಂಬುದಿಲ್ಲ. ಮದುವೆಯಿರಲಿ, ಹಬ್ಬವಿರಲಿ, ಯಾರಾದರೊಬ್ಬರು ಕುರಿಯ ಬೆನ್ನಿಗೆ ಇರಲೇಬೇಕು. ಕುರಿಗೆ ರಜೆ ಗೊತ್ತಿಲ್ಲ, ಹಸಿವೊಂದು ಗೊತ್ತು. ನಮ್ಮದು ಕಲ್ಲೋಳಿಯ ಹತ್ತಿರದ ಊರು. ಮನೆಯಲ್ಲಿ ಐದು ಮಂದಿ: ಅಪ್ಪ, ಅವ್ವ, ಅಣ್ಣ, ಅಕ್ಕ, ಕೊನೆಯವನು ನಾನು. ಟ್ರಂಕಿನಲ್ಲಿರುವ ಫೋಟೊಗಳನ್ನೆಲ್ಲ ತೆಗೆದು ಚಾಪೆಯ ಮೇಲೆ ಹರವಿದರೆ ಯಾವುದರಲ್ಲೂ ಐದು ಮುಖ ಸಿಗುತ್ತಿರಲಿಲ್ಲ. ಗೊತ್ತಿಲ್ಲದವರು ನೋಡಿದರೆ, ಈ ಮನೆಯಲ್ಲಿ ಯಾವಾಗಲೂ ಒಬ್ಬರು ಮುನಿಸಿಕೊಂಡೇ ಇರುತ್ತಾರೆ ಎಂದುಕೊಳ್ಳಬೇಕು.

ಒಂದು ಫೋಟೊ ಗೋಕಾಕ ಫಾಲ್ಸಿನದು. ಮಳೆಗಾಲ, ಕೆಂಪು ನೀರು ಧುಮುಕುತ್ತಿದೆ, ಹಿಂದೆ ತೂಗುಸೇತುವೆ, ಅವ್ವ ಸೆರಗು ಹಿಡಿದುಕೊಂಡು ನಗುತ್ತಿದ್ದಾಳೆ. ಕ್ಯಾಮೆರಾ ಕಂಡರೆ ಮುಖ ಗಂಟಿಕ್ಕುವ ಅವ್ವ ಅದರಲ್ಲಿ ಹಲ್ಲು ಬಿಟ್ಟು ನಕ್ಕಿದ್ದಾಳೆ. ಎಷ್ಟು ಚಂದದ ಫೋಟೊ ಅದು! ಆದರೆ ಅಣ್ಣ ಇಲ್ಲ. ಅವನು ಕುರಿಯ ಹಿಂದೆ ಇದ್ದ.

ಇನ್ನೊಂದು ನಾನು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ದಿನದ್ದು. ಅಪ್ಪ ಆಗ ಹುಕ್ಕೇರಿ ಕಡೆಯ ಹೊಲಗಳಲ್ಲಿ ಕುರಿ ನಿಲ್ಲಿಸಿದ್ದ. ಬಂದೇ ಬರುತ್ತೇನೆ ಎಂದಿದ್ದ. ಪರಿಚಯದವರೊಬ್ಬರಿಗೆ ಕುರಿ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಏದುಸಿರು ಬಿಡುತ್ತ ಬಂದೂ ಬಂದ. ಅಷ್ಟರಲ್ಲಿ ಫೋಟೊ ತೆಗೆದು ಮುಗಿದು ನಾವು ಹುಡುಗರೆಲ್ಲ ಪದವಿಗೆಂದು ಬಾಡಿಗೆ ತಂದ ಕರಿ ಅಂಗಿ ವಾಪಸು ಕೊಟ್ಟಿದ್ದೆವು.

"ಆತೇನು?" ಎಂದು ಕೇಳಿದ.

"ಆತು."

ಗೆಳೆಯನ ಫೋನಿನಲ್ಲಾದರೂ ಒಂದು ತೆಗೆಸೋಣ ಎಂದರೆ, "ಇರ್ಲಿ ಬಿಡೋ, ಕುರಿ ಬಿಟ್ಟ ಬಂದೇನಿ" ಎಂದು ಬಂದ ದಾರಿಯಲ್ಲೇ ಹೊರಟುಹೋದ. ಈಗ ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ಫೋಟೊಗೇನು ಬರ ಎಂದು ಕೇಳುವವರಿದ್ದಾರೆ. ಫೋನು ಕುರಿ ಕಾಯುವುದಿಲ್ಲವಲ್ಲ ಮಹಾರಾಯರೇ!

ಇದನ್ನೆಲ್ಲ ನಾವು ಆಡಿಕೊಂಡು ನಗುತ್ತಿದ್ದೆವು. ನಗುವುದು ನಿಂತದ್ದು ಅಕ್ಕನ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದ ಮೇಲೆ. ಅಕ್ಕ ಮೂಡಲಗಿಯ ಟೇಲರಿಂಗ್ ಅಂಗಡಿಯೊಂದರಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಮದುವೆಯ ಮಾತು ನಡೆದಿತ್ತು, ಅದು ತಾನಾಗಿ ನಿಂತಿತು. ವಾರಕ್ಕೆರಡು ಸಲ ಗೋಕಾಕಿನ ದವಾಖಾನೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದೇ ಅವಳ ಕೆಲಸವಾಯಿತು. ಅವಳ ಜೊತೆ ಅವ್ವ ಹೋಗುತ್ತಿದ್ದಳು, ರಜೆ ಸಿಕ್ಕರೆ ಹುಕ್ಕೇರಿಯಲ್ಲಿ ಕೆಲಸಕ್ಕಿದ್ದ ನಾನೂ ಬಂದು ಹೋಗುತ್ತಿದ್ದೆ. ಅಪ್ಪ ಅವಳಿಗಾಗಿ ಒಂದೊಂದೇ ಕುರಿ ಮಾರುತ್ತಿದ್ದ.

ಒಂದು ದಿನ ದವಾಖಾನೆಯಿಂದ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಕಡೆ ತಿರುಗಿ, "ತಮ್ಮಾ, ಐದೂ ಮಂದಿ ಇರೋದು ಒಂದ ಫೋಟೊ ಬೇಕ್ ನೋಡೋ ನನಗ" ಎಂದಳು.

"ಈಗ್ಯಾಕ ಅವಸರ? ಆರಾಮಾಗು, ತಗಸೂಣು."

"ನಾ ಹ್ವಾದ ಮ್ಯಾಲ ತಗಸಿದ್ರ ನೀವು ನಾಕ ಮಂದೀನ ಆಗ್ತೀರಿ."

ಅಷ್ಟು ಸರಳವಾಗಿ ಹೇಳಿಬಿಟ್ಟಳು. ನನಗೆ ಸಿಟ್ಟು ಬಂತು, ಕಿಟಕಿಯ ಕಡೆ ತಿರುಗಿ ಕುಳಿತೆ. ಕಣ್ಣು ತುಂಬಿದಾಗ ನನಗೆ ಮೊದಲು ಬರುವುದು ಸಿಟ್ಟೇ.

ಅವಳ ಅಂಗಡಿಯ ಬಾಜೂ ಒಂದು ಫೋಟೊ ಸ್ಟುಡಿಯೊ ಇತ್ತು. ಅಲ್ಲಿಯ ಫೋಟೊಗ್ರಾಫರ್ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದ. ನಮ್ಮ ಪರದಾಟ ಕೇಳಿ ಅವನು, "ಯಾಕ ಇಷ್ಟ ತ್ರಾಸ ತಗೋತಿ ತಂಗಿ? ನಿಮ್ಮಪ್ಪ ಕಾಕಾಂದು ಒಂದ ಫೋಟೊ ಬ್ಯಾರೆ ಕೊಡು, ಕಂಪ್ಯೂಟರಿನ್ಯಾಗ ಕೂಡಿಸಿ ಕೊಡ್ತೇನಿ" ಎಂದ.

"ತ್ಯಾಪಿ ಹಚ್ಚಿದ್ದು ನನಗ ಗೊತ್ತಾಗಂಗಿಲ್ಲೇನ್ರಿ ಅಣ್ಣಾರ? ದಿನಾ ಅದನ್ನ ಮಾಡಿದಾಕಿ ನಾ" ಎಂದಳು ಅಕ್ಕ.

ಕೊನೆಗೆ ಕುರಿ ಬಿಟ್ಟು ಬರುವ ಮಾತೇ ಬೇಡ, ಕುರಿ ಇದ್ದಲ್ಲಿಗೇ ಕ್ಯಾಮೆರಾ ತರುವುದು ಎಂದು ನಿಶ್ಚಯವಾಯಿತು. ಸುಗ್ಗಿ ಮುಗಿದಿತ್ತು. ಕಡಲೆ ಕಿತ್ತ ಹೊಲವೊಂದರಲ್ಲಿ ಅಪ್ಪ, ಅಣ್ಣ ಕುರಿ ಮೇಯಿಸುತ್ತಿದ್ದರು. ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ರಿಕ್ಷಾದ ಹಿಂದೆ ಕಟ್ಟಿಕೊಂಡು ಅಕ್ಕನನ್ನು ಕರೆದುಕೊಂಡು ಹೋದೆವು. ತಾನೇ ಹೊಲಿದ ಹಸಿರು ಬ್ಲೌಸು ತೊಟ್ಟಿದ್ದಳು. ಮೈ ಇಳಿದು ಅದು ಭುಜದಲ್ಲಿ ಸಡಿಲಾಗಿತ್ತು, ಅಲ್ಲೇ ಒಳಗಿನಿಂದ ಪಿನ್ನು ಚುಚ್ಚಿಕೊಂಡಿದ್ದಳು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಣ್ಣ ದಾಡಿ ಮಾಡಿಸಿಕೊಂಡು ಬಂದಿದ್ದ, ಅಪ್ಪ ಒಗೆದ ಧೋತರ ಉಟ್ಟು ಮದುವೆಗೆ ಹೊರಟವನ ಹಾಗೆ ರುಮಾಲು ಸುತ್ತಿದ್ದ. ಅಕ್ಕ ಅವನನ್ನು ನೋಡಿ, "ಅಪ್ಪಗ ಹೆಣ್ಣ ನೋಡಾಕ ಹೊಂಟಾರೇನವ್ವಾ?" ಎಂದಾಗ ಅವ್ವ ಕೂಡ ನಕ್ಕಳು.

ಫೋಟೊಗ್ರಾಫರ್ ಬಿಸಿಲು ಓರೆಯಾಗುವವರೆಗೆ ಕಾದ. ಅಕ್ಕನನ್ನು ನಡುವೆ ಕೂರಿಸಿದ, ಅವಳ ಎಡಕ್ಕೆ ಅವ್ವ, ಬಲಕ್ಕೆ ನಾನು, ಹಿಂದೆ ಅಣ್ಣ, ಅಪ್ಪ. ಅಪ್ಪನ ಕೈ ಕುರ್ಚಿಯ ಮೇಲಿತ್ತು. ಬೆಳಕು ಚೆನ್ನಾಗಿತ್ತು, ಗಾಳಿ ಇರಲಿಲ್ಲ.

"ಯಾರೂ ಅಲಗ್ಯಾಡಬ್ಯಾಡ್ರಿ. ಕಾಕಾ, ಈ ಕಡೆ ನೋಡ್ರಿ, ಕುರಿ ಕಡೆ ಅಲ್ಲ. ಒಂದು..."

ಕುರಿ ಕಾಯುವವನಿಗೆ ಹಾಗೆ ಹೇಳಿದರೆ ಆಗುತ್ತದೆಯೇ? ಬದುವಿನ ಆಚೆ ಕೊಯ್ದ ಜೋಳದ ಹೊಲವಿತ್ತು. ಅಕಾಲದ ಒಂದು ಮಳೆಗೆ ಅದರ ಕೂಳೆಯೆಲ್ಲ ಮತ್ತೆ ಚಿಗುರಿತ್ತು. ಆ ಎಳೆಯ ಚಿಗುರು ಕುರಿಗೆ ವಿಷ, ತಿಂದದ್ದು ಅಲ್ಲೇ ಉರುಳುತ್ತದೆ. ಮುಂದಿನ ನಾಲ್ಕಾರು ಕುರಿ ಬದು ಹತ್ತಿದ್ದವು, ಹಿಂದಿನವು ಅವುಗಳ ಹಿಂದೆ ನುಗ್ಗುತ್ತಿದ್ದವು.

"ಎರಡು..." ಎಂದಾಗ ಅಪ್ಪ "ಹೋಯ್!" ಎಂದು ಕೂಗಿ ಓಡಿದ. ಮೂರಕ್ಕೆ ಕ್ಯಾಮೆರಾ ಕ್ಲಿಕ್ಕಾಯಿತು.

ಆ ಫೋಟೊದಲ್ಲಿ ಅವ್ವ ಪಕ್ಕಕ್ಕೆ ನೋಡುತ್ತಿದ್ದಾಳೆ, ಅಣ್ಣ ಅರ್ಧ ತಿರುಗಿದ್ದಾನೆ, ನನ್ನ ಬಾಯಿ ತೆರೆದಿದೆ. ಅಪ್ಪನದು ಅಂಚಿನಲ್ಲಿ ಧೋತರದ ಒಂದು ಬಿಳಿ ಗೆರೆ, ಒಂದು ಹಿಮ್ಮಡಿ, ಅಷ್ಟೆ. ಅಕ್ಕ ಒಬ್ಬಳೇ ಕದಲಿಲ್ಲ. ಹೇಳಿದಂತೆ ಕ್ಯಾಮೆರಾ ನೋಡುತ್ತ, ತುಟಿ ತೆರೆಯದೆ ನಗುತ್ತ ಕುಳಿತಿದ್ದಾಳೆ. ಬೆನ್ನ ಹಿಂದೆ ಏನಾಯಿತೆಂದು ಅವಳಿಗಿನ್ನೂ ಗೊತ್ತಿಲ್ಲ. ಐದೂ ಮಂದಿ ಬಂದಿದ್ದೇವೆ ಎಂದೇ ನಂಬಿರುವ ಮುಖ ಅದು.

ಅಣ್ಣ, ನಾನು ಇಬ್ಬರೂ ಅಪ್ಪನ ಹಿಂದೆ ಓಡಿದೆವು. ಕುರಿಗಳನ್ನು ಹೊರಗೆ ಹೊಡೆಯುವಷ್ಟರಲ್ಲಿ ಒಂದು ಕುರಿ ಕಾಲು ಚಾಚಿ ಬಿದ್ದಿತ್ತು, ಮಿಕ್ಕವು ಉಳಿದವು. ತಿರುಗಿ ಬಂದಾಗ ಅಕ್ಕ ವಾಂತಿ ಮಾಡಿಕೊಂಡು ರಿಕ್ಷಾದ ಸೀಟಿನ ಮೇಲೆ ಮಲಗಿದ್ದಳು. "ಕುರಿ ಉಳದ್ವ?" ಎಂದು ಕೇಳಿದಳು. ಫೋಟೊ ವಿಷಯ ಕೇಳಲಿಲ್ಲ. ಮುಂದಿನ ವಾರ ಮತ್ತೆ ತೆಗೆದರಾಯಿತು ಎಂದು ಫೋಟೊಗ್ರಾಫರೇ ಅಂದ.

ನಾನು ಅಪ್ಪನ ಮೇಲೆ ಹರಿಹಾಯ್ದೆ. "ಒಂದ ಕ್ಷಣ ನಿಲ್ಲಾಕ ಆಗಲಿಲ್ಲೇನ ನಿನಗ? ಸತ್ರ ಸಾಯ್ತಿದ್ದುವು!"

ಅಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಅವು ಸತ್ರ ಬರೂ ವಾರ ಇಕಿನ್ನ ದವಾಖಾನಿಗೆ ಹೆಂಗ ಒಯ್ಯಲಿ?" ಎಂದ.

ಅವನು ಮಾಡಿದ್ದು ಸರಿ ಎಂದು ಅಂದೇ ಗೊತ್ತಿತ್ತು, ಇಂದೂ ಗೊತ್ತು. ಆದರೂ ಸಿಟ್ಟು ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಮುಂದಿನ ವಾರ ಅಕ್ಕನಿಗೆ ಜ್ವರ. ಅದರ ಮುಂದಿನ ವಾರ ಉಸಿರಾಟದ ತೊಂದರೆ. ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಮಳೆ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ ಗೋಕಾಕಿನ ದವಾಖಾನೆಯಿಂದ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದೆವು.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಹೊಸ ಸೀರೆ ಉಡಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಮಾಲೆ ಹಾಕಿ, ಬಂಧುಗಳು ನೋಡಿ ಹೋಗುವವರೆಗೆ ಹಾಗೇ ಕೂರಿಸಿ, ಆಮೇಲೆ ಮಣ್ಣು ಮಾಡುವಾಗಲೂ ಹಾಗೇ ಕೂರಿಸುತ್ತಾರೆ. ಮನೆಯವರು ಸುತ್ತ ನಿಂತು ಒಂದು ಫೋಟೊ ತೆಗೆಸುವುದೂ ಈಚೆಗೆ ರೂಢಿಯಾಗಿದೆ. ಸುದ್ದಿ ಕೇಳಿ ಮೂಡಲಗಿಯ ಫೋಟೊಗ್ರಾಫರ್ ಸ್ಟುಡಿಯೊ ಮುಚ್ಚಿ ತಾನಾಗಿಯೇ ಬಂದ. ಅಪ್ಪ ಆ ದಿನ ಕುರಿಗಳನ್ನು ಮನೆಯ ಹಿಂದೆ, ರಾತ್ರಿ ಕೂಡಿಹಾಕುವ ಬಲೆಯೊಳಗೇ ಬಿಟ್ಟಿದ್ದ. ಮೇವಿಲ್ಲದೆ ಅವು ಮುಂಜಾನೆಯಿಂದ ಒದರುತ್ತಿದ್ದವು. ಅವನು ಒಮ್ಮೆಯೂ ಆ ಕಡೆ ತಲೆ ಎತ್ತಲಿಲ್ಲ.

ಫೋಟೊಗ್ರಾಫರ್ ನಮ್ಮನ್ನು ಅಕ್ಕನ ಆಚೆ ಈಚೆ ನಿಲ್ಲಿಸಿದ. ಅಲಗಾಡಬೇಡಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಎಣಿಸಲು ಬಾಯಿ ತೆರೆದವನು ಎಣಿಸದೆಯೇ ತೆಗೆದ.

ಅಕ್ಕನ ಕಾರ್ಯ ಮುಗಿದ ದಿನ ಅವನು ಎರಡೂ ಫೋಟೊ ದೊಡ್ಡದು ಮಾಡಿಸಿ ತಂದ, ಯಾವುದು ಬೇಕೋ ಅದಕ್ಕೆ ಫ್ರೇಮು ಹಾಕಿಸಿ ಕೊಡುತ್ತೇನೆ ಎಂದ. ಎರಡನೆಯದು ಕನ್ನಡಿಯಷ್ಟು ಸ್ವಚ್ಛ ಬಂದಿತ್ತು. ಅವ್ವ, ಅಪ್ಪ, ಅಣ್ಣ, ನಾನು ನೆಟ್ಟಗೆ ನಿಂತಿದ್ದೇವೆ, ಎಲ್ಲರ ಮುಖವೂ ಪೂರ್ತಿ ಕಾಣುತ್ತದೆ, ನಡುವೆ ಅಕ್ಕ ಕುಳಿತಿದ್ದಾಳೆ. ಒಂದು ಕುಂದು ಹುಡುಕಿದರೂ ಸಿಗದು. ನಮ್ಮ ಸೋದರಮಾವ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಹೊಲದ ಫೋಟೊವನ್ನು ಸರಿಸಿದರು.

"ಇದನ್ನ ಹಾಕಸ್ರಿ. ಇದರಾಗ ಐದೂ ಮಂದಿ ಅದೀರಿ."

ಅಪ್ಪ ಮಾವ ತೋರಿಸಿದ ಫೋಟೊವನ್ನು ಕೈಗೆ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ. ನನ್ನನ್ನು ನೋಡಿದ, ಅಣ್ಣನನ್ನು ನೋಡಿದ, ಮತ್ತೆ ಫೋಟೊ ನೋಡಿದ.

"ಇದರಾಗ ಅಕಿ ಎಲ್ಲಿ ಅದಾಳ?" ಎಂದ.