ದೊಡ್ಡವ್ವ ಎಳೆ ಅದ್ದಿ ನೋಡಿದ ಹಂದಿಯ ರಕ್ತ

ನನ್ನ ಎಂ.ಎಸ್ಸಿ. ಪ್ರಬಂಧ ಇಳಕಲ್ಲಿನ ಒಂದು ಹಂದಿಯ ಮೇಲೆ ನಿಂತಿತ್ತು. ಹಂದಿಜ್ವರದ ಲಸಿಕೆ ಹಾಕಿದ ಏಳನೆಯ ದಿನ ಅದರ ರಕ್ತ ತೆಗೆದು, ಸಂಜೆಯೊಳಗೆ ಬಾಗಲಕೋಟೆಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಅದರಲ್ಲಿನ ಬಿಳಿ ರಕ್ತಕೋಶಗಳು ಸಾಯುತ್ತವೆ. ಏಳನೆಯ ದಿನ ಮತ್ತೆ ಬರುವುದಿಲ್ಲ. ಎರಡು ನಳಿಕೆ ರಕ್ತ ಸಿಕ್ಕಿತು. ಹಂದಿ ಹಿಡಿಯುವಾಗ ನಾನು ಎಷ್ಟು ಸಲ ಬಿದ್ದೆ ಎಂಬುದರಲ್ಲಿ ನನ್ನ ನೆನಪಿಗೂ ಹಂದಿಯ ಒಡೆಯನ ನೆನಪಿಗೂ ತಾಳೆಯಿಲ್ಲ.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಊಟಕ್ಕೆ ದೊಡ್ಡವ್ವನ ಮನೆಗೆ ಹೋದೆ. ಅದು ನೇಕಾರರ ಮನೆ. ಲಿಂಗಪೂಜೆಯಾಗದೆ ದೊಡ್ಡವ್ವ ಚಹಾ ಕೂಡ ಮುಟ್ಟುವುದಿಲ್ಲ. ಹಾಗಾಗಿ ಏನೂ ಹೇಳದೆ, ಬಿಸಿಲು ತಾಗದಿರಲೆಂದು ನಳಿಕೆಗಳನ್ನು, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿಟ್ಟು ಕೈಕಾಲು ತೊಳೆಯಲು ಹೋದೆ.

ಬಂದು ನೋಡಿದರೆ ದೊಡ್ಡವ್ವ ಒಂದು ನಳಿಕೆಗೆ ರೇಷ್ಮೆ ಎಳೆ ಅದ್ದಿ, ಬಾಗಿಲ ಬೆಳಕಿಗೆ ಹಿಡಿದಿದ್ದಳು. ಹೊಸ ಬಣ್ಣ ಬಂದಾಗ ಒಂದೆಳೆ ಅದ್ದಿ ನೋಡುವುದು ಆ ಮನೆಯ ರೂಢಿ.

“ಎಲ್ಲಿಂದ ತಂದೀಯಪಾ ಈ ಬಣ್ಣ? ಸೀರಿಗೆ ಬರಂಗಿಲ್ಲ. ಒಣಗಿದ್ರ ಕಂದು ತಿರುಗ್ತೈತಿ.”

“ದೊಡ್ಡವ್ವ, ಅದು ಹಂದಿ ರಕ್ತ.”

ಎಳೆಯನ್ನು ಎಲ್ಲಿ ಬಿಡಬೇಕೆಂದು ತೋಚದೆ ಅವಳು ತೋಳು ಚಾಚಿಕೊಂಡೇ ನಿಂತಳು.

“ಎರಡ್ರಾಗೂ ಅದ್ದಿದೇನು?” ಎಂದೆ.

“ಮೊದಲ ಇದು ಯಾತಕ್ಕಂತ ಹೇಳು.”

“ವೈರಸ್ ಹೊಕ್ಕ ಕೋಶದ ಮೈಮ್ಯಾಲೆ ಗುರುತು ಏಳ್ತೈತಿ. ಈ ರಕ್ತದಾಗ ಕೊಲ್ಲೋ ಕೋಶ ಅದಾವು, ಸಂಜಿಯೊಳಗ ಮುಟ್ಟಿಸದಿದ್ರ ಸಾಯ್ತಾವು. ಕೊಲ್ಲೋ ಕೋಶ ಒಂದೊಂದನ್ನ ಮುಟ್ಟಿ ನೋಡ್ತೈತಿ. ಗುರುತು ಸಿಕ್ರ ಅಂಟಿಕೊಂಡು, ತೂತು ಹಾಕಿ ವಿಷ ಬಿಡ್ತೈತಿ. ವೈರಸ್ ಬೆಳೆಯೂದರಾಗ ಆ ಕೋಶಾನ ಸಾಯ್ತೈತಿ.”

“ಬಾಜೂಕಿಂದು?”

“ಛಲೋ ಇದ್ರ ಬಿಟ್ಟು ಮುಂದ ಹೋಗ್ತೈತಿ.”

“ಕೊಂದದ್ದು ತಾನೂ ಸಾಯ್ತೈತೇನು?”

“ಇಲ್ಲ. ಮುಂದಿಂದನ್ನ ಹುಡುಕ್ತೈತಿ.”

“ಜಳಕಾನೂ ಮಾಡಂಗಿಲ್ಲ?”

ಮುಂದೆ ನನ್ನ ಪರೀಕ್ಷಕರು ಕೇಳಿದ್ದು ಇದಕ್ಕಿಂತ ಸುಲಭದ ಪ್ರಶ್ನೆಗಳು.

“ಒಂದರಾಗ ಅದ್ದೀನಿ. ಇನ್ನೊಂದರ ಮುಚ್ಚಳ ಬರಲಿಲ್ಲ,” ಎಂದು ದೊಡ್ಡವ್ವ ಬಚ್ಚಲಿಗೆ ನಡೆದಳು. ಒಳಗಿನಿಂದಲೇ ಕೂಗಿದಳು: “ಲಗೂನ ಓಡು, ಅವು ಸತ್ತಾವು.”

ಊಟವಿಲ್ಲದೆ ಓಡಿದೆ. ಪ್ರಯೋಗಾಲಯದಲ್ಲಿ ಅದೇ ಹಂದಿಯ ಚರ್ಮದಿಂದ ಬೆಳೆಸಿಟ್ಟಿದ್ದ, ವೈರಸ್ ಹೊಗಿಸಿದ ಮತ್ತು ಹೊಗಿಸದ ಕೋಶಗಳ ಜೊತೆ ಎಳೆ ತಾಗದ ನಳಿಕೆಯ ಬಿಳಿ ಕೋಶಗಳನ್ನು ಸೇರಿಸಿಟ್ಟೆ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೋಂಕು ತಗುಲಿದವು ಮುದುಡಿ ಚೂರಾಗಿದ್ದವು. ಸೋಂಕಿಲ್ಲದವು ಹಾಗೇ ಇದ್ದವು. ಪ್ರಬಂಧ ಉಳಿಯಿತು.

ನನಗೆ ನೆನಪಿರುವುದು ಇಷ್ಟು. ಆದರೆ ಆ ದಿನದ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ‘ಎರಡು ನಳಿಕೆ ಬಳಸಿದೆ’ ಎಂದಿದೆ. ಅದ್ದಿದ್ದನ್ನೂ ಸುರಿದುಬಿಟ್ಟೆನೇ? ಇದ್ದ ಒಬ್ಬಳೇ ಸಾಕ್ಷಿಯನ್ನು ಕೇಳಿದೆ.

“ಯಾವ ಹಂದಿ?” ಎಂದಳು ದೊಡ್ಡವ್ವ.