ರಾಣಿ ಕುಂತ ಕಲ್ಲು

ತೇರದಾಳದ ಹಳೇ ಬಸದಿ ಹಿಂದ ನಮ್ಮನಿ. ಹೋದ ವಾರ ಧಾರವಾಡದಿಂದ ಒಬ್ಬ ಅಜ್ಜ, ಒಬ್ಬಾಕಿ ಅಜ್ಜಿ ಬಸದಿ ನೋಡಾಕ ಬಂದಿದ್ದರು. ಅಜ್ಜಗ ಕಣ್ಣು ಕಾಣೂದಿಲ್ಲ. ಅಜ್ಜಿ ಅವಗ ಒಂದು ಕಾದಂಬರಿ ಪೂರಾ ಓದಿ ಹೇಳಿದ್ದಳಂತ. ಅದರಾಗಿನ ರಾಣಿ ಇಲ್ಲೇ ಒಂದು ಕಲ್ಲಿನ ಮ್ಯಾಲೆ ಕುಂತು ಗಂಡನ ಹಾದಿ ಕಾಯತಿದ್ದಳಂತ.

"ಆ ಕಲ್ಲು ಒಮ್ಮೆ ಮುಟ್ಟಬೇಕಲ್ಲೋ ತಮ್ಮಾ," ಅಂದ ಅಜ್ಜ.

ನಾ ಬಿಡ್ತೀನೇನು? ನಮ್ಮವ್ವ ಅರಬಿ ಒಗಿಯೋ ಕಲ್ಲಿಗೆ ಕರಕೊಂಡು ಹೋಗಿ, "ಇದ ನೋಡ್ರಿ," ಅಂದೆ.

ಅಜ್ಜಿ ಕಲ್ಲು ನೋಡಿದಳು, ನನ್ನ ನೋಡಿದಳು. ಈಗ ಬೈತಾಳ ಅಂದಕೊಂಡೆ. ಆದರ ಆಕಿ, "ಹೌದ್ರೀ, ಇದ ಅದು," ಅಂತ ಅಜ್ಜನ ಕೈ ಹಿಡದು ಕಲ್ಲಿನ ಮ್ಯಾಲೆ ಇಟ್ಟಳು.

ಅಜ್ಜ ಮೆಲ್ಲಕ ಸವರಿದ. ಆಮ್ಯಾಲೆ ಕೈ ಮೂಸಿ ನೋಡಿದ. "ರಾಣಿ ಛಲೋ ಸಾಬಾಣ ಹಚ್ಚತಿದ್ದಳು ಬಿಡು," ಅಂದ.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನೀ ಯಾಕ ನಿಂತಿ? ಕೂಡು," ಅಂತ ಅಜ್ಜ ಆಕಿ ಕೈ ಜಗ್ಗಿದ. "ನೀ ಕುಂತರ ಹುಡುಗ ಹೇಳಿದ್ದು ಖರೆ ಆಗತೈತಿ."

ಅಷ್ಟರಾಗ ನಮ್ಮವ್ವ ಬುಟ್ಟಿ ಹೊತ್ತು ಬಂದಳು. "ಲೇ, ಅರಬಿ ಒಗೀಬೇಕೋ!"

"ತಡಿಯವ್ವಾ, ರಾಣಿ ಕುಂತಾಳ," ಅಂದೆ.

ಸಾಲಿ ಅಂಗಿ ಒಗದಿರಲಿಲ್ಲ, ಅದಕ್ಕ ಮರುದಿನ ನಾ ಸಾಲಿಗೆ ಹೋಗಲಿಲ್ಲ. ತಪ್ಪು ರಾಣೀದು, ನಂದಲ್ಲ.