ಒರೆಸಿದ ಗಾಜು

ಪುಣೆಯ ನಮ್ಮ ಲ್ಯಾಬಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಕಸ ಗುಡಿಸುವ ಶಾಂತಮ್ಮ ಒಬ್ಬರೇ. ಯಾದಗಿರಿ ಕಡೆಯವರು, ಈಗ ಮನೆ ಇಲ್ಲೇ ಯೆರವಡಾದಲ್ಲಿ. ಅವತ್ತು ಬೆಳಿಗ್ಗೆ ನಾನು ಬಂದಾಗ ಅವರ ಕೈಯಲ್ಲಿ ಒದ್ದೆ ಬಟ್ಟೆ, ಮೇಜಿನ ಮೇಲೆ ಫಳಫಳ ಹೊಳೆಯುವ ನನ್ನ ಗಾಜಿನ ಬಿಲ್ಲೆ.

“ಮಸಿ ಹತ್ತಿತ್ರಿ ಸರ್, ತಿಕ್ಕಿ ಒರಸೀನ್ರಿ.”

ಅದು ಮಸಿಯಲ್ಲ, ಗ್ರಾಫೀನ್. ರೇಡಿಯೋ ಅಲೆಗಳ ಜಾತಿಯ ಟೆರಾಹರ್ಟ್ಸ್ ಅಲೆಗಳನ್ನು ನುಂಗಲೆಂದು ನಾನು ತಿಂಗಳುಗಟ್ಟಲೆ ಕೂತು ಗಾಜಿಗೆ ಹಚ್ಚಿದ್ದ, ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ಇಂಗಾಲದ ಪದರ. ಮಧ್ಯಾಹ್ನ ಲ್ಯಾಬಿನ ಮುಖ್ಯಸ್ಥರಾದ ಸಾಹೇಬರಿಗೆ ಅದನ್ನು ಅಳೆದು ತೋರಿಸಬೇಕಿತ್ತು. ನನ್ನ ಮುಖ ನೋಡಿ ಶಾಂತಮ್ಮ ಹೆದರಿದರು.

“ಸಾಹೇಬ್ರಿಗೆ ಹೇಳಬ್ಯಾಡ್ರಿ, ನೌಕರಿ ಹೋಗ್ತದ.”

ಬಿಲ್ಲೆಯನ್ನು ಅಲೆ ಅಳೆಯುವ ಯಂತ್ರಕ್ಕಿಟ್ಟೆ. ಪರದೆಯ ಮೇಲೆ ಮೂಡಿದ ಗೆರೆ ನಿನ್ನೆಯ ಗೆರೆಯ ಮೇಲೆಯೇ ಕೂತಿತು. ಅಲೆಗಳು ಮೊದಲಿನ ಹಾಗೇ ಮಾಯ! ಒಂದು ಕ್ಷಣ ಹೋದ ಜೀವ ಬಂತು. ಮರುಕ್ಷಣ ಹೊಳೆಯಿತು: ಪದರ ಹೋದರೂ ಗೆರೆ ಬದಲಾಗಿಲ್ಲ. ಹಾಗಾದರೆ ಇಷ್ಟು ದಿನ ಅಲೆ ನುಂಗಿದ್ದು ಗಾಜೇ. ಬರಿಗಾಜನ್ನು ಮೊದಲು ಅಳೆದುಕೊಳ್ಳುವುದು ಈ ಕೆಲಸದ ಓನಾಮ. ನಾನು ಅಳೆದಿರಲೇ ಇಲ್ಲ.

“ಏನಾತ್ರಿ ಸರ್, ಕೆಟ್ಟೋತೇನ್ರಿ?” ಶಾಂತಮ್ಮ ಬಾಗಿಲಲ್ಲೇ ನಿಂತಿದ್ದರು.

“ಏನೂ ಆಗಿಲ್ಲಮ್ಮ,” ಅಂದೆ. “ಆದ್ರೆ ಒರೆಸಿದ್ದನ್ನ ನೀವೂ ಯಾರಿಗೂ ಹೇಳ್ಬೇಡಿ.”